ಅಕ್ಕನ ಊರಿನಲ್ಲಿ ಇಂದೂರಿನವರು

ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆಯಾದರೂ ಕಾದು ನಿಂತವರಿಗೆ ಶಂಭುಲಿಂಗನ ಮುಖ ಗೊತ್ತಿರಲಿಕ್ಕಿಲ್ಲ, ದನಿ ಮಾತ್ರ ಗೊತ್ತಿರುತ್ತದೆ. "ಕಂಪ್ಲಿ ಕಡೆಗೆ ಹೋಗುವ ಪ್ರಯಾಣಿಕರ ಗಮನಕ್ಕೆ" ಎಂದು ಮೈಕಿನಲ್ಲಿ ಬರುತ್ತದಲ್ಲ, ಆ ಗಂಟಲು ಅವನದು. ಗಾಜಿನ ಖೋಲಿಯಲ್ಲಿ ಕೂತು ಬಸ್ಸು ಬಂದದ್ದು ಹೋದದ್ದು ನೋಡಿ ಕೂಗುವುದು ಅವನ ನೌಕರಿ. ಸಂಡೂರಿನ ಬಸ್ಸು ತಡ ಎಂಬುದನ್ನೂ ಎಷ್ಟು ಮರ್ಯಾದೆಯಿಂದ ಹೇಳುತ್ತಿದ್ದನೆಂದರೆ, ಬೈಯಲು ಬಾಯಿ ತೆರೆದವರು ಆಕಳಿಸಿ ಸುಮ್ಮನಾಗುತ್ತಿದ್ದರು. ತೋರಣಗಲ್ಲಿಗೆ ಪಾಳಿ ಕೆಲಸಕ್ಕೆ ಹೋಗುವ ಹುಡುಗರಂತೂ ಅವನ ದನಿ ಅನುಕರಿಸಿ ಒಬ್ಬರನ್ನೊಬ್ಬರು ಚಹಾಕ್ಕೆ ಕರೆಯುತ್ತಿದ್ದರು.

ಇಂಥ ಮನುಷ್ಯನಿಗೆ ಮನೆಯಲ್ಲಿ ಒಬ್ಬಳೇ ಮಗಳ ಜೊತೆ ಮಾತಾಡಲು ಬರುತ್ತಿರಲಿಲ್ಲ. ನಗಬೇಡಿ, ನಿಜ. ಸ್ಫೂರ್ತಿ ಚಿಕ್ಕವಳಿದ್ದಾಗ ಹೆಗಲ ಮೇಲೆ ಹೊತ್ತು ತಿರುಗಿದವನೇ. ಅವಳು ದೊಡ್ಡವಳಾದಳು ನೋಡಿ, ಅಂದಿನಿಂದ ಇವನ ಮಾತೆಲ್ಲ ಹೆಂಡತಿ ಕೊಟ್ರಬಸಮ್ಮನ ಮೂಲಕವೇ ಹೋಗತೊಡಗಿತು. "ನಿನ್ನ ಮಗಳಿಗೆ ಹೇಳು, ಫ್ಯಾನ್ ಆರ್ಸಂತ" ಎನ್ನುತ್ತಿದ್ದ. ಮಗಳು ಅದೇ ಫ್ಯಾನಿನ ಕೆಳಗೆ, ಅವನಿಗೆ ಮೊಣಕೈ ತಾಗುವಷ್ಟು ಹತ್ತಿರ ಕೂತಿರುತ್ತಿದ್ದಳು. ಕೊಟ್ರಬಸಮ್ಮ ಒಲೆಯ ಮುಂದಿನಿಂದ "ಫ್ಯಾನ್ ಆರ್ಸಬೇಕಂತವ್ವ" ಎನ್ನುವಳು. ಮಗಳು "ಹೂಂ" ಎನ್ನುವಳು. "ಹೂಂ ಅಂದ್ಳ್ರೀ" ಎಂದು ಮತ್ತೆ ಒಲೆಯ ಮುಂದಿನಿಂದ ಉತ್ತರ ಬರುವುದು. ಶಂಭುಲಿಂಗನ ಅಪ್ಪನೂ ತನ್ನ ಮಗಳು ತಿಪ್ಪಕ್ಕನ ಜೊತೆ ಹೀಗೇ ಮಾತಾಡಿದ್ದ. ಬೆಳೆದ ಹೆಣ್ಣುಮಕ್ಕಳ ಎದುರು ಗಂಡಸು ಹೀಗಿರುವುದೇ ಮರ್ಯಾದೆ ಎಂದು ಇವನೂ ತಿಳಿದಿದ್ದ.

ಮರ್ಯಾದೆ ಎಲ್ಲಿಗೆ ಬಂತೆಂದರೆ, ಹತ್ತನೇ ಇಯತ್ತೆ ಮುಗಿಯುವ ಹೊತ್ತಿಗೆ ಮಗಳ ಬಾಯಲ್ಲಿ "ಹೂಂ" ಒಂದೇ ಉಳಿದಿತ್ತು. ಜೂನಿನಲ್ಲಿ ಅವಳು ಧಾರವಾಡದ ಕಾಲೇಜಿಗೆ, ಅಲ್ಲಿಯೇ ಹಾಸ್ಟೆಲಿಗೆ ಹೋಗುವುದೆಂದು ನಿಕ್ಕಿಯಾಗಿತ್ತು. ಮಗಳು ತನ್ನ ಮೇಲೆ ಮುನಿದುಕೊಂಡೇ ಮನೆ ಬಿಟ್ಟು ಹೋಗುತ್ತಾಳೆ, ಹೋದ ಮೇಲೆ ಆ "ಹೂಂ" ಕೂಡ ಇರುವುದಿಲ್ಲ ಎಂಬ ಹೆದರಿಕೆ ಶಂಭುಲಿಂಗನಿಗೆ. ಹೋಗುವುದರೊಳಗೆ ಅವಳು ಒಮ್ಮೆ ತನ್ನ ಜೊತೆ ಬಾಯಿ ಬಿಟ್ಟು ಮಾತಾಡಬೇಕು, ಬೈದರೂ ಸರಿ ಎಂದು ಜೀವ ಬಡಿದುಕೊಳ್ಳುತ್ತಿತ್ತು.

ಜೊತೆಗೆ ಕೆಲಸ ಮಾಡುವ ವೆಂಕಟೇಶ್ ಈ ಸಂಕಟ ಕೇಳಿ ಮೊಬೈಲಿಗೆ ಒಂದು ವಿಡಿಯೋ ಕಳಿಸಿದ. ಅದರಲ್ಲಿ ಟೈ ಕಟ್ಟಿದ ಡಾಕ್ಟರೊಬ್ಬರು, ಹದಿಹರೆಯದ ಮಕ್ಕಳಿಗೆ ಹತ್ತಿರವಾಗಬೇಕೆಂದರೆ ಕುಟುಂಬ ಸಮೇತ ಪ್ರವಾಸ ಹೋಗಿ, ಜಾಗವನ್ನು ಮಕ್ಕಳೇ ಆರಿಸಲಿ, ನೀವು ಕಮಕ್ ಕಿಮಕ್ ಅನ್ನಬೇಡಿ ಎಂಬರ್ಥದಲ್ಲಿ ಹೇಳಿದ್ದರು. ಶಂಭುಲಿಂಗ ಅದನ್ನು ಮೈಕ್ ಆರಿಸಿ ಎರಡೆರಡು ಸಲ ನೋಡಿದ. ಮನೆಗೆ ಬಂದು, ಮಗಳು ಎದುರಿಗೇ ಊಟ ಮಾಡುತ್ತಿರುವಾಗ, "ನಿನ್ನ ಮಗಳಿಗೆ ಕೇಳು, ಟೂರ್ ಎಲ್ಲಿಗೆ ಹೋಗಬೇಕಂತ" ಎಂದ.

ಮೈಸೂರೋ ಊಟಿಯೋ ಎನ್ನುತ್ತಾಳೆಂದು ಅವನ ಲೆಕ್ಕ. ಬಸ್ಸುಗಳ ಹೊತ್ತೆಲ್ಲ ಆಗಲೇ ನಾಲಿಗೆಯ ತುದಿಯಲ್ಲಿತ್ತು. ಸ್ಫೂರ್ತಿ ಫೋನು ತಿರುಗಿಸಿ ಅವ್ವನಿಗೆ ಒಂದು ಫೋಟೋ ತೋರಿಸಿದಳು. ಬಾಳೆ ತೋಟ, ಮಣ್ಣಿನ ಬಣ್ಣದ ಗುಡಿಸಲು, ಮುಂದೆ ತೂಗುಮಂಚ. ಕಡ್ಡಿರಾಂಪುರದ ಹೋಂಸ್ಟೇ.

ಕಡ್ಡಿರಾಂಪುರ! ಹಂಪಿ ದಾರಿಯಲ್ಲಿ ಕಂಡಕ್ಟರ್ ಟಿಕೆಟ್ ಹರಿಯುವುದರೊಳಗೆ ಬಂದುಬಿಡುವ ಊರು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅದು ತಿಪ್ಪಕ್ಕನನ್ನು ಕೊಟ್ಟ ಊರು. ಒಡಹುಟ್ಟಿದ ಅಕ್ಕನ ಮನೆ ಇರುವ ಊರಿನಲ್ಲಿ ರೊಕ್ಕ ಕೊಟ್ಟು ಬೇರೆಯವರ ಮಂಚದ ಮೇಲೆ ಮಲಗುವುದೆಂದರೆ ನಮ್ಮ ಕಡೆ ಕೊಲೆಗಿಂತ ಒಂದು ಮೆಟ್ಟಿಲು ಕೆಳಗೆ. ತಿಪ್ಪಕ್ಕ ಸುಮ್ಮನೆ ಬಿಡುವ ಹೆಣ್ಣೂ ಅಲ್ಲ. ಆದರೆ ಡಾಕ್ಟರು ಕಮಕ್ ಕಿಮಕ್ ಅನ್ನಬೇಡಿ ಎಂದಿದ್ದರಲ್ಲ. ಶಂಭುಲಿಂಗ "ಆತು ಅಂತ ಹೇಳು" ಎಂದ. ಮಗಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಎದ್ದು ಹೋದಳು.

ಅಕ್ಕನ ಮನೆಗೇ ಹೋಗೋಣ ಎಂದರೆ ಅದೂ ಆಗುವಂತಿರಲಿಲ್ಲ. ವರ್ಷದಿಂದ ತಿಪ್ಪಕ್ಕ ಬಂಧುಬಳಗಕ್ಕೆಲ್ಲ ಫೋನಿನಲ್ಲಿ, "ಮೊಣಕಾಲು ಹಿಡಕೊಂಡೈತಪ್ಪ, ರೊಟ್ಟಿ ಬಡಿಯಾಕ ಆಗವಲ್ದು, ನೀವು ಬಂದ್ರ ನನಗ ಸಂಕಟ" ಎಂದು ನರಳುತ್ತಿದ್ದಳು. ಪಾಪ, ಅವಳಿಗೆ ತೊಂದರೆ ಕೊಡುವುದು ಬೇಡ, ಗೊತ್ತೂ ಆಗುವುದು ಬೇಡ ಎಂದು ಶಂಭುಲಿಂಗ ತೀರ್ಮಾನಿಸಿದ. ಮರೆಯಲ್ಲಿ ಹೋಗಿ ಮರೆಯಲ್ಲಿ ಬರಬೇಕು. ಅದಕ್ಕೊಂದು ಉಪಾಯವನ್ನೂ ತೆಗೆದ. ಮೂವರೂ ಇಂದೂರಿನವರು. ತಾನು ಶರ್ಮಾ. ತಲೆಗೆ ಹ್ಯಾಟು, ಕಣ್ಣಿಗೆ ಕರಿ ಕನ್ನಡಕ, ಜೀವಮಾನದಲ್ಲಿ ಮೊದಲ ಸಲ ಅರ್ಧ ಚಡ್ಡಿ. ಕೊಟ್ರಬಸಮ್ಮನಿಗೆ ಹಿಂದಿಯ ಗಂಧಗಾಳಿ ಇಲ್ಲ, ಬಾಯಿ ತೆರೆದರೆ ಕೆಟ್ಟಿತು ಎಂದು ಅವಳಿಗೆ ಮೌನವ್ರತ ಹಚ್ಚಿದ. "ಎರಡು ದಿನ ಮಾತಾಡದ ಇದ್ರ ನನ್ನ ಹೊಟ್ಟಿ ಒಡಿತೈತ್ರಿ" ಎಂದು ಅವಳು ಗೋಳಾಡಿದರೂ ಬಿಡಲಿಲ್ಲ. ಹಂಪಿ ಬಸ್ಸು ಹತ್ತಿದರೆ ಕಂಡಕ್ಟರನೇ ಗುರುತು ಹಿಡಿಯುತ್ತಾನೆಂದು ಕಮಲಾಪುರದ ಕಡೆಯಿಂದ ಆಟೋದಲ್ಲಿ ಸುತ್ತು ಬಳಸಿ ಬಂದರು.

ಹೋಂಸ್ಟೇ ನಡೆಸುವ ಮೌನೇಶ್ ಗಂಗಾವತಿ ಕಡೆಯವನು. ಆಧಾರ್ ಕಾರ್ಡು ನೋಡಿ ತಲೆ ಕೆರೆದುಕೊಂಡ. "ಹೊಸಪೇಟ್ಯಾಗ ಮನಿ ಇಟ್ಕೊಂಡು ಇಲ್ಲಿ ಯಾಕ್ರಿ ಸರ್?"

ಶಂಭುಲಿಂಗ ಪಕ್ಕಕ್ಕೆ ಕರೆದು, "ಈ ಊರಾಗ ನಮ್ಮ ಸಂಬಂಧಿಕ್ರು ಅದಾರಪ್ಪ. ಯಾರರ ಕೇಳಿದ್ರ ಇಂದೂರಿನವ್ರು ಅನ್ನು" ಎಂದ.

ಮೌನೇಶ್ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ತಿಳೀತು ಬಿಡ್ರಿ ಸರ್. ನನಗೂ ಸಂಬಂಧಿಕ್ರು ಅದಾರ" ಎಂದು ಕೈ ಕುಲುಕಿದ. ಯಾವ ಮನೆಯ ಸಂಬಂಧಿಕರು ಎಂದು ಅವನು ಕೇಳಲಿಲ್ಲ, ಇವನು ಹೇಳಲಿಲ್ಲ. ಎಡವಟ್ಟಾದದ್ದು ಅಲ್ಲಿಯೇ.

ಮೊದಲ ದಿನ ಪ್ರವಾಸ ಎಷ್ಟು ರಮಣೀಯವಾಗಿತ್ತೆಂದರೆ, ಮಗಳು ತೂಗುಮಂಚದಲ್ಲಿ ಮಲಗಿ ಫೋನು ನೋಡಿದಳು, ಹೆಂಡತಿ ಬಾಳೆಗಿಡಕ್ಕೆ ಮುಖ ಮಾಡಿ ಗುಟ್ಟಾಗಿ ಒಬ್ಬಳೇ ಮಾತಾಡಿಕೊಂಡಳು, ಶಂಭುಲಿಂಗ ಅರ್ಧ ಚಡ್ಡಿಯಲ್ಲಿ ಸೊಳ್ಳೆ ಕಡಿಸಿಕೊಂಡ. ಮಗಳ ಹತ್ತಿರ ಹೋಗಿ ಏನಾದರೂ ಹೇಳಬೇಕೆಂದು ಹೋದ, ಗಂಟಲು ಸರಿ ಮಾಡಿಕೊಂಡ. ಹೊರಗೆ ಬಂದದ್ದು ಮಾತ್ರ, "ಊಟ ತಯಾರಾಗಿದ್ದು, ಎಲ್ಲರೂ ಬರತಕ್ಕದ್ದು." ಮಗಳು "ಹೂಂ" ಎಂದಳು. ಥೂ ಇದರ ಮನೆ ಹಾಳಾಗ ಎಂದು ತನ್ನ ಗಂಟಲಿಗೆ ತಾನೇ ಬೈದುಕೊಂಡು ವಾಪಸಾದ.

ಮರುದಿನ ಮಧ್ಯಾಹ್ನ ಮೌನೇಶ್ ಹುರುಪಿನಿಂದ ಬಂದ. ಪುಣೆಯ ಗಂಡಹೆಂಡತಿ ಒಬ್ಬರು ಇನ್ನೊಂದು ಗುಡಿಸಲಿನಲ್ಲಿದ್ದರು. ಅವರ ಜೊತೆ ಇವರನ್ನೂ "ಹಳ್ಳಿ ಊಟ"ಕ್ಕೆ ಕರೆದೊಯ್ಯುತ್ತೇನೆ, ಹೋಂಸ್ಟೇ ಬಾಡಿಗೆಯಲ್ಲೇ ಸೇರಿದೆ ಎಂದ. ದಾರಿಯುದ್ದಕ್ಕೂ ಪುಣೆಯವರಿಗೆ ಹಿಂದಿಯಲ್ಲಿ ಬಣ್ಣಿಸುತ್ತ ನಡೆದ. ಅಲ್ಲೊಬ್ಬ ಅಮ್ಮ ಇದ್ದಾಳೆ, ಹುಟ್ಟಿದಾಗಿನಿಂದ ಊರು ಬಿಟ್ಟು ಹೋದವಳಲ್ಲ, ಕರೆಂಟಿನ ಸಾಮಾನು ಕಣ್ಣಿಂದ ಕಂಡವಳಲ್ಲ, ಹಳೇ ಕಾಲದ ಜೀವ ಎಂದ. ಪುಣೆಯ ಹೆಂಗಸು ಎದೆಯ ಮೇಲೆ ಕೈ ಇಟ್ಟುಕೊಂಡಳು. ಶಂಭುಲಿಂಗ ಮೊದಲ ತಿರುವಿನಲ್ಲಿ ಇರಲಿ ಎಂದುಕೊಂಡ. ಎರಡನೇ ತಿರುವಿನಲ್ಲಿ ಅವನ ನಡಿಗೆ ನಿಧಾನವಾಯಿತು. ಬೇವಿನ ಮರದ ಮನೆಯ ಮುಂದೆ ಮೌನೇಶ್ ನಿಂತಾಗ ಜೀವ ಬಾಯಿಗೆ ಬಂತು. ಅದು ತಿಪ್ಪಕ್ಕನ ಮನೆ.

ಓಡಿ ಹೋಗೋಣವೆಂದರೆ ತಿಪ್ಪಕ್ಕ ಆಗಲೇ ಬಾಗಿಲಲ್ಲಿ ನಿಂತಿದ್ದಳು. ದಿನಾ ನೈಟಿಯ ಮೇಲೆ ಟವೆಲ್ ಹೊದ್ದು ಸ್ಕೂಟಿ ಓಡಿಸುವ, ಕಾಶಿಗೂ ದುಬೈಗೂ ಹೋಗಿ ಬಂದ ತಿಪ್ಪಕ್ಕ ಇಳಕಲ್ ಸೀರೆ ಉಟ್ಟು, ಮೂಗಿಗೆ ನತ್ತು ಇಟ್ಟು, ಕೈಯಲ್ಲಿ ಆರತಿ ಹಿಡಿದಿದ್ದಳು. ಒಳಗೆ ಫ್ರಿಜ್ಜಿಗೆ ಗೋಣಿಚೀಲ ಹೊದಿಸಿ, ಟಿವಿಗೆ ಕಂಬಳಿ ಮುಚ್ಚಲಾಗಿತ್ತು. ಗೋಣಿಚೀಲದೊಳಗಿಂದ ಗುರ್ ಎಂದು ಸದ್ದು ಬಂದಾಗ ಪುಣೆಯ ಗಂಡಸು ಏನದು ಎಂದ. ಜೋಳದ ಕಣಜ, ಕಾಳು ಉಸಿರಾಡುತ್ತವೆ ಎಂದು ಮೌನೇಶ್ ಹೇಳಿದ. ಆ ಮನುಷ್ಯ ಫೋಟೋ ತೆಗೆದುಕೊಂಡ.

ತಿಪ್ಪಕ್ಕ ಒಬ್ಬೊಬ್ಬರ ಹಣೆಗೂ ಕುಂಕುಮ ಇಡುತ್ತ ಬಂದಳು. ಕರಿ ಕನ್ನಡಕದ ಮುಂದೆ ಬಂದಾಗ ಶಂಭುಲಿಂಗ ಆದಷ್ಟು ಇಂದೂರಿನವನಾಗಿ "ನಮಸ್ತೇ ಜೀ" ಎಂದ. ಜಿಲ್ಲೆಗೆಲ್ಲ ಗೊತ್ತಿರುವ ದನಿ ಅಕ್ಕನಿಗೆ ತಿಳಿಯದೇ ಇರುತ್ತದೆಯೇ? ಅವಳ ಹೆಬ್ಬೆರಳು ಅವನ ಹಣೆಯ ಮೇಲೆಯೇ ನಿಂತಿತು. ಹಿಂದೆ ನಿಂತ ಮೌನವ್ರತದವಳನ್ನು ನೋಡಿದಳು, ತಮ್ಮನ ಮಗಳನ್ನು ನೋಡಿದಳು, ಅರ್ಧ ಚಡ್ಡಿಯನ್ನು ನೋಡಿದಳು. ಆಮೇಲೆ ಕುಂಕುಮವನ್ನು ಮೊಳೆ ಬಡಿದ ಹಾಗೆ ಒತ್ತಿದಳು. ಪುಣೆಯವರ ಎದುರು ಬಾಯಿ ಬಿಡುವಂತಿಲ್ಲ, ಅವಳ ಗುಟ್ಟೂ ಹೊರಬೀಳುತ್ತದೆ.

ಎಲ್ಲರೂ ಚಾಪೆಯ ಮೇಲೆ ಕೂತರು. ಮೌನೇಶ್ ಮೊಸರು ತರಲು ಹೋದ. ಪುಣೆಯವರಿಗೆ ಕನ್ನಡ ಬಾರದೆಂಬ ಧೈರ್ಯದ ಮೇಲೆ ತಿಪ್ಪಕ್ಕ ರೊಟ್ಟಿ ಬಡಿಯುತ್ತ, ನಗುಮುಖ ಮಾಡಿಕೊಂಡೇ ಮಾತು ಶುರುಮಾಡಿದಳು.

"ಅಕ್ಕನ ಮನಿ ಇಲ್ಲಿರಾಗ ಬಾಳಿತೋಟದಾಗ ರೊಕ್ಕ ಕೊಟ್ಟು ಮಲಗ್ಯಾನಲ್ಲ, ಈ ಮೂಳಗ ನಾಚಿಕಿ ಐತೇನವ್ವ? ತೊಡಿ ತೋರಿಸ್ಕೊಂಡು ಬಂದಾನ ನೋಡು, ಬಾಡ್ಯಾ!"

ಅಮ್ಮ ಏನು ಹೇಳುತ್ತಿದ್ದಾರೆ ಎಂದು ಪುಣೆಯ ಹೆಂಗಸು ಕೇಳಿದಳು. ಆಗ ಸ್ಫೂರ್ತಿ ತಲೆಯೆತ್ತಿದಳು. ತಾನು ಮೊಬೈಲಿನಲ್ಲಿ ಸ್ವಲ್ಪ ಕನ್ನಡ ಕಲಿತಿದ್ದೇನೆ ಎಂದು ಚೊಕ್ಕ ಹಿಂದಿಯಲ್ಲಿ ಹೇಳಿ, ಅತಿಥಿಗಳು ಬಂದದ್ದು ದೇವರೇ ಬಂದಂತಾಯಿತು ಎನ್ನುತ್ತಿದ್ದಾರೆ ಎಂದಳು. ಪುಣೆಯವಳ ಕಣ್ಣು ತುಂಬಿದವು.

ಶಂಭುಲಿಂಗನಿಗೂ ರೋಷ ಬಂತು. ಅವನ ಹಿಂದಿಯೆಲ್ಲ ಮೈಕಿನ ಹಿಂದಿ. "ಯಾತ್ರಿಗಣ ಕೃಪಯಾ ಧ್ಯಾನ್ ದೇಂ" ಎಂದು ಪ್ರಯಾಣಿಕರ ಗಮನ ಸೆಳೆದೇ ಮೊದಲುಮಾಡಿ, ಈ ಮಾತಾಜಿಯ ಮೊಣಕಾಲು ಈಗ ಹೇಗಿದೆ ಎಂದು ವಿಚಾರಿಸಲಾಗಿದೆ ಎಂದ.

"ಅತ್ತಿ, ನಿನ್ನ ಮೊಣಕಾಲು ಹೆಂಗೈತಿ ಅಂತ ಕೇಳಾಕ ಹತ್ಯಾರ" ಎಂದು ಸ್ಫೂರ್ತಿ ಕನ್ನಡಕ್ಕೆ ತಂದಳು. ಅವಳ ತುಟಿ ಬಿಗಿದಿದ್ದರೂ ಕಣ್ಣು ನಗುತ್ತಿದ್ದವು. ಶಂಭುಲಿಂಗ ಅದನ್ನು ಕಂಡ. ಎಷ್ಟೋ ದಿನದ ಮೇಲೆ ಕಂಡ.

ತಿಪ್ಪಕ್ಕ ರೊಟ್ಟಿಯನ್ನು ಹೆಂಚಿಗೆ ಅಪ್ಪಳಿಸಿದಳು. "ನಾಲ್ಕು ಕಾಸು ದುಡಿಯಾಕ ಮೊಣಕಾಲು ನಡೀತೈತಿ, ಬೀಗರ ಪುಕ್ಕಟಿ ಊಟಕ್ಕ ನಡಿಯಂಗಿಲ್ಲ ಅಂತ ಹೇಳು. ಊರ ತುಂಬ ಡಂಗುರ ಹೊಡದ್ರ ನಾಲಿಗಿ ಕಿತ್ತೇನು ಅಂತ್ಲೂ ಹೇಳು."

ಅಜ್ಜಿಯ ಕಾಲದಿಂದ ಬಂದ ರೊಟ್ಟಿ ಇದು, ಹೊಟ್ಟೆತುಂಬ ಉಣ್ಣಿ ಎನ್ನುತ್ತಿದ್ದಾರೆ ಎಂದು ಸ್ಫೂರ್ತಿ ಹಿಂದಿಯಲ್ಲಿ ಹೇಳಿದಳು. ಕೊಟ್ರಬಸಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಡುಗುತ್ತಿದ್ದಳು.

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ತಿಪ್ಪಕ್ಕ ಎಣ್ಣೆಗಾಯಿ ಬಡಿಸುತ್ತ ತಮ್ಮನ ಮುಂದೆ ಕೂತಳು. ಈ ಸಲ ನಗು ಇರಲಿಲ್ಲ. "ಒಬ್ಬಾಕಿ ಮಗಳನ್ನ ಧಾರವಾಡಕ್ಕ ಅಟ್ಟಾಕ ಹತ್ಯಾನಲ್ಲ, ಹೊಸಪೇಟ್ಯಾಗ ಕಾಲೇಜ್ ಇಲ್ಲೇನು? ಯಾಕಂತ ಕೇಳು ಈ ಶರ್ಮಾನ."

ಸ್ಫೂರ್ತಿ ಅಪ್ಪನ ಕಡೆ ತಿರುಗಿದಳು. ಈ ಸಲ ಬಣ್ಣ ಹಚ್ಚಲಿಲ್ಲ. ಮಗಳನ್ನು ಯಾಕೆ ದೂರ ಕಳಿಸುತ್ತಿದ್ದೀರಿ ಎಂದು ಹಿಂದಿಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ಕೇಳಿದಳು.

"ಬೇಟಿ ಕೀ ಮರ್ಜೀ" ಎಂದ ಶಂಭುಲಿಂಗ. ಮಗಳದೇ ಇಷ್ಟ.

"ಮಗಳಿಗೇ ಬೇಕಾಗೈತಂತ ಅತ್ತಿ."

"ಮಗಳು ಅಂದ್ಳೇನು ಹಂಗಂತ?"

ಶಂಭುಲಿಂಗ ಅಭ್ಯಾಸದಂತೆ ಹೆಂಡತಿಯ ಕಡೆ ತಿರುಗಿ, ಅವಳು ಅಂದಳಲ್ಲ ಹೇಳು ಎಂದು ಕೈ ಮಾಡಿದ. ಕೊಟ್ರಬಸಮ್ಮನಿಗೆ ಮೌನವ್ರತ. ಅವಳು ತಟ್ಟೆ ನೋಡುತ್ತ ಕೂತಳು. ಮಾತು ದಾಟಿಸುವವರು ಯಾರೂ ಇಲ್ಲದೆ ಅವನ ಕೈ ಗಾಳಿಯಲ್ಲೇ ಉಳಿಯಿತು.

ಸ್ಫೂರ್ತಿ ಕನ್ನಡದಲ್ಲಿ ಅತ್ತೆಗೆ ಹೇಳತೊಡಗಿದಳು. ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು. "ಅವರ ಮಗಳು ಹಂಗ ಅಂದಿಲ್ಲಂತ ಅತ್ತಿ. ಧಾರವಾಡ ಆಗಬಹುದಾ ಅಂತ ಅವರವ್ವ ಕೇಳಿದ್ಲಂತ. ಅಪ್ಪನೇ ಕಳಿಸಬೇಕು ಅನ್ನಾಕ ಹತ್ಯಾನ ಅಂತ ತಿಳದು ಆಕಿ ಹೂಂ ಅಂದಳಂತ. ಅವರಪ್ಪ ಊರಿಗೆಲ್ಲ ಮಾತಾಡ್ತಾನಂತ, ಆಕಿ ಕೂಡ ಮಾತಾಡಂಗಿಲ್ಲಂತ. ಎದುರಿಗೆ ಕುಂದ್ರಿಸ್ಕೊಂಡು 'ನಿನ್ನ ಮಗಳಿಗೆ ಹೇಳು' ಅಂತಾನಂತ. ಸಿಟ್ಟಿಗೆದ್ದಾದ್ರೂ ಎದುರಿಗೆ ಬಂದು ಬೈಲಿ ಅಂತ ಆಕಿ ಬೇಕಂತ ಕಡ್ಡಿರಾಂಪುರ ಆರಿಸಿದ್ಲಂತ. ಅದಕ್ಕೂ 'ಆತು ಅಂತ ಹೇಳು' ಅಂದನಂತ."

ಅಮ್ಮನಿಗೆ ನೀನೇನು ಹೇಳಿದೆ ಎಂದು ಪುಣೆಯವಳು ಮೆಲ್ಲಗೆ ಕೇಳಿದಳು. ಚಟ್ನಿ ಖಾರ ಎಂದೆ ಎಂದು ಸ್ಫೂರ್ತಿ ಕಣ್ಣೊರೆಸಿಕೊಂಡಳು.

ಮಗಳು ಮಾತು ಬಿಟ್ಟಳೆಂದು ವರ್ಷಗಟ್ಟಲೆ ಕೊರಗಿದ ಶಂಭುಲಿಂಗ, ಬಿಟ್ಟವನು ತಾನೇ ಎಂಬುದನ್ನು ಎಣ್ಣೆಗಾಯಿ ಕೈಯಲ್ಲಿ ಹಿಡಿದು ತಿಳಿದುಕೊಂಡ. ಕನ್ನಡಕ ತೆಗೆದ. ಹ್ಯಾಟು ತೆಗೆದ.

"ಸ್ಫೂರ್ತಿ" ಎಂದ. ದನಿ ಮೈಕಿನದಾಗಿರಲಿಲ್ಲ, ಒಡೆದಿತ್ತು. "ನನಗ ಮಾತಾಡಾಕ ಬರವಲ್ದವ್ವ. ಏನ್ ಮಾತಾಡಬೇಕು ತಿಳಿವಲ್ದು. ನೀ ದೊಡ್ಡಾಕಿ ಆದಿ, ನನಗ ಅಂಜಿಕಿ ಆತು. ನಿನಗ ಧಾರವಾಡಕ್ಕ ಹೋಗಾಕ ಮನಸೈತೇನು? ನಾನ ಕೇಳಾಕ ಹತ್ತೀನಿ. ನಿಮ್ಮವ್ವ ಅಲ್ಲ."

ಪುಣೆಯ ಗಂಡಸು ತುತ್ತು ಬಾಯಲ್ಲಿಟ್ಟುಕೊಂಡೇ ಎದ್ದು ನಿಂತ. ಶರ್ಮಾಜಿಗೆ ಕನ್ನಡ ಬಂತು ಎಂದು ಕೂಗಿದ. ಅದೇ ಹೊತ್ತಿಗೆ ಮೊಸರು ಹಿಡಿದು ಬಂದ ಮೌನೇಶ್ ಎಲ್ಲರ ಮುಖ ನೋಡಿ, ಏನೂ ಅರ್ಥವಾಗದಿದ್ದರೂ, ಈ ಅಮ್ಮನ ರೊಟ್ಟಿ ಉಂಡವರಿಗೆ ಒಮ್ಮೊಮ್ಮೆ ಹಾಗಾಗುತ್ತದೆ ಎಂದ. ಇದ್ದದ್ದೂ ಸಾಲದೆಂದು ಕೊಟ್ರಬಸಮ್ಮ ಕಟ್ಟೆ ಒಡೆದಳು. "ನಾನೇನ್ ನಿಮ್ಮಿಬ್ಬರ ನಡುವ ಇಟ್ಟ ಸ್ಪೀಕರೇನ್ರೀ? ಫ್ಯಾನ್ ಆರ್ಸು, ಗೇಟ್ ಹಾಕು, ಊಟಕ್ಕ ಬಾ! ಹೇಳಿ ಹೇಳಿ ನನ್ನ ಜೀವ ಹಣ್ಣಾಗಿ ಹೋತು!" ಮಾತೇ ಬಾರದವಳಿಗೂ ಕನ್ನಡ ಬಂತೆಂದು ಪುಣೆಯವಳು ವ್ರತ ಮುರಿದ ಹೆಂಗಸಿನ ಕಾಲಿಗೆ ನಮಸ್ಕರಿಸಿದಳು.

ಈ ಗದ್ದಲದ ನಡುವೆ ಸ್ಫೂರ್ತಿ ಅಪ್ಪನನ್ನೇ ನೋಡುತ್ತಿದ್ದಳು. "ಮೊದಲ ಇದ್ದಿಲ್ಲ" ಎಂದಳು. "ಈಗ ಆ ಕಾಲೇಜಿನ ಫೋಟೋ ನೋಡಿ ನೋಡಿ ಮನಸು ಬಂದೈತಿ. ಹೋಗ್ತೀನಪ್ಪ. ಆದ್ರ ಫೋನ್ ನೀನ ಮಾಡಬೇಕು. ಅವ್ವನ ಕೈಯಾಗ ಫೋನ್ ಕೊಟ್ಟು, ಬಾಜೂಕ ಕುಂತು 'ಉಂಡಳಂತೇನು ಕೇಳು' ಅಂದಿ ಅಂದ್ರ, ಅಲ್ಲೇ ಕಟ್ ಮಾಡ್ತೀನಿ ನೋಡು."

"ಹೂಂ" ಎಂದ ಶಂಭುಲಿಂಗ.

ತಿಪ್ಪಕ್ಕ ಆ ಸಂಜೆ ಅವರ ಚೀಲಗಳನ್ನು ತಾನೇ ಸ್ಕೂಟಿಯಲ್ಲಿ ಹೇರಿಕೊಂಡು ತನ್ನ ಮನೆಗೆ ತಂದಳು. ಬೈಗುಳದ ಉಳಿದ ಭಾಗವನ್ನು ಅನುವಾದದ ಹಂಗಿಲ್ಲದೆ ಮುಗಿಸಿ, ಮೊಣಕಾಲಿನ ಸುದ್ದಿ ಹೊರಗೆ ಬಿಡಬಾರದೆಂದು ಮೂವರಿಂದಲೂ ಆಣೆ ತೆಗೆದುಕೊಂಡಳು. ಕಡ್ಡಿರಾಂಪುರದ ರೊಟ್ಟಿ ಉಂಡರೆ ಕನ್ನಡ ಬರುತ್ತದೆಂದು ಪುಣೆಯವರು ಇಂಟರ್ನೆಟ್ಟಿನಲ್ಲಿ ಬರೆದರಂತೆ. ತಿಪ್ಪಕ್ಕನ ಮನೆಗೆ ಈಗ ಬರುವ ಜನಕ್ಕೆ ಲೆಕ್ಕವಿಲ್ಲ.

ಜೂನಿನಲ್ಲಿ ಸ್ಫೂರ್ತಿ ಹೋದಳು. ಮರುದಿನ ಸಂಜೆ ಶಂಭುಲಿಂಗ ಡ್ಯೂಟಿ ಮುಗಿಸಿ ಬಂದು ಕುರ್ಚಿಯಲ್ಲಿ ಕೂತು ಫೋನು ಹಚ್ಚಿದ. ಆ ಕಡೆ ಫೋನು ರಿಂಗಾಗುವಾಗ ಮೈಯೆಲ್ಲ ಬೆವೆತಿತು. ಸಾವಿರಾರು ಜನಕ್ಕೆ ಕೂಗುವಾಗ ಎಂದೂ ಹೀಗಾಗಿರಲಿಲ್ಲ. "ಹಲೋ ಅಪ್ಪ" ಎಂದು ಕೇಳಿದ್ದೇ ತಡ, ಫೋನನ್ನು ಕೊಟ್ರಬಸಮ್ಮನ ಕಡೆ ಚಾಚಿದ. ಅವಳು ಕೈ ಹಿಂದೆ ಕಟ್ಟಿಕೊಂಡು ಹಿತ್ತಲಿಗೆ ನಡೆದುಬಿಟ್ಟಳು.

ಅವನು ಫೋನು ಮತ್ತೆ ಕಿವಿಗಿಟ್ಟುಕೊಂಡ. "ಉಂಡೇನವ್ವ?" ಎಂದ.

"ಉಂಡೆ. ನೀ ಉಂಡಿ?"

ಇಷ್ಟು ವರ್ಷದಲ್ಲಿ ಈ ಮಾತು ಅವನಿಗೆ ಮಗಳ ಬಾಯಿಂದ ನೇರ ಬಂದಿರಲಿಲ್ಲ. ಅವನೂ ಯಾವತ್ತೂ ಕೇಳಿಸಿಕೊಳ್ಳುವ ಹಾಗೆ ಇರಲಿಲ್ಲವಲ್ಲ. "ಇನ್ನೂ ಇಲ್ಲ" ಎಂದ. ಅಷ್ಟಕ್ಕೇ ನಿಲ್ಲದೆ, ನಿಮ್ಮವ್ವ ಬೆಳಿಗ್ಗೆ ಬದನೆಕಾಯಿಗೆ ಉಪ್ಪು ಜಾಸ್ತಿ ಹಾಕಿದ್ದಳು, ಈಗ ಹಿತ್ತಲಿಗೆ ಓಡಿ ಹೋಗಿದ್ದಾಳೆ, ಈ ದಿನ ಸಂಡೂರಿನ ಬಸ್ಸೂ ತಡ ಎಂದು ಒಂದರ ಹಿಂದೊಂದು ಹೇಳುತ್ತ ಹೋದ. ಆ ಕಡೆಯಿಂದ ಮಗಳು ಆಮೇಲೆ, ಆಮೇಲೆ ಎಂದು ಕೇಳುತ್ತಿದ್ದಳು.